ವಾಡೆಯ ವಾರಸುದಾರ ಯಾರು?

ದೊಡ್ಡ ಬಂಗಲೆ. ಸಾಯೋಕೆ ಬಿದ್ದ ಯಜಮಾನರು. ಮರೆಯಲ್ಲಿ ಹೊಂಚು ಹಾಕಿದ ಖಳನಾಯಕ. ವಕೀಲರು ಕನ್ನಡಕ ಏರಿಸಿ ಉಯಿಲು ಓದುತ್ತಾರೆ... ಆಸ್ತಿಯೆಲ್ಲ ನಮ್ಮ ಹೀರೋಗೆ! ಥಿಯೇಟರಿನಲ್ಲಿ ಸೀಟಿಯೋ ಸೀಟಿ!

ಆದರೆ ಉಯಿಲಿಗೂ ಬಗ್ಗದ ಆಸ್ತಿ ನೋಡಿದ್ದೀರಾ? 2010ರಲ್ಲಿ ಟಿವಿಯಲ್ಲಿ ಶುರುವಾಗಿ 2019ರಲ್ಲಿ ತೆರೆಗೂ ಬಂದ ಇಂಗ್ಲೆಂಡಿನ 'ಡೌನ್‌ಟನ್ ಅಬ್ಬೆ' ಕಥೆ ಅದೇ. 1912ರಲ್ಲಿ ಟೈಟಾನಿಕ್ ಹಡಗು ಮುಳುಗುತ್ತೆ, ಜೊತೆಗೆ ಮನೆಯ ವಾರಸುದಾರನೂ ಮುಳುಗುತ್ತಾನೆ. ಯಜಮಾನರಿಗೆ ಮೂವರು ಹೆಣ್ಮಕ್ಕಳಿದ್ದರೂ ಬಂಗಲೆ, ಜಮೀನು, ಪದವಿ ಎಲ್ಲ ಹೋಗೋದು ಮುಖವನ್ನೇ ನೋಡದ ದೂರದ ದಾಯಾದಿಗೆ!

ಒಬ್ಬನಿಗೇ ಎಲ್ಲ

ಇದು ಬರೀ ಕಥೆಯಲ್ಲ. ಇಂಗ್ಲೆಂಡಿನಲ್ಲಿ ಶತಮಾನಗಳ ಕಾಲ ಹಿರಿಮಗನಿಗೇ ಜಮೀನು. ತಮ್ಮಂದಿರು ಸೈನ್ಯಕ್ಕೋ ಚರ್ಚಿಗೋ ಹೋಗಬೇಕು. ಅದಕ್ಕೇ ಅಲ್ಲಿನ ಬಂಗಲೆಗಳು ಒಡೆಯದೆ ಉಳಿದವು. ಈ ಚಿತ್ರದ ಶೂಟಿಂಗ್ ನಡೆದ ಹೈಕ್ಲಿಯರ್ ಅರಮನೆ 1679ರಿಂದ ಒಂದೇ ಮನೆತನದ ಕೈಯಲ್ಲಿದೆ. ಆದರೆ 1894ರಲ್ಲಿ ಬಂದ ಮರಣ ತೆರಿಗೆ ಅನೇಕರ ಬೆನ್ನು ಮುರೀತು. ಇಪ್ಪತ್ತನೇ ಶತಮಾನದಲ್ಲಿ ನೂರಾರು ಬಂಗಲೆ ಕೆಡವಿದರು. ಹಿರಿಮಗನ ಕಾನೂನೂ 1925ರಲ್ಲಿ ಹೋಯಿತು.

ಅಣ್ಣತಮ್ಮರ ಪಾಲು

ಈಗ ನಮ್ಮ ಬಾಗಲಕೋಟೆ ಕಡೆ ಬರ್ರಿ. ಬಾದಾಮಿ, ಹುನಗುಂದ, ಇಳಕಲ್ ಸೀಮೆಯಲ್ಲಿ ಬಸ್ಸಿನ ಕಿಟಕಿಯಿಂದ ಹಳ್ಳಿಗಳನ್ನು ನೋಡ್ತಾ ಹೋಗಿ. ದಪ್ಪ ಕಲ್ಲಿನ ಗೋಡೆ, ಆನೆಯಂಥ ಬಾಗಿಲು, ಒಳಗೆ ಪಡಸಾಲೆ... ಅದೇ ವಾಡೆ. ದೇಸಾಯರು ಪರಗಣೆಯ ಕಂದಾಯ ಎತ್ತೋರು, ದೇಶಪಾಂಡೆಯವರು ಲೆಕ್ಕ ಬರೆಯೋರು. ಅದಕ್ಕೆ ಸಿಕ್ಕ ವತನ ವಂಶಕ್ಕೆ ವಂಶ ನಡೀತಿತ್ತು.

ಆಸ್ತಿಯ ಮಾತಿಗೆ ಬಂದರೆ ಇಲ್ಲಿ ಲೆಕ್ಕವೇ ಬೇರೆ. ಚಾಲುಕ್ಯ ಆರನೇ ವಿಕ್ರಮಾದಿತ್ಯನ ಕಾಲದಲ್ಲಿ ಕಲ್ಯಾಣದಲ್ಲಿ ಕೂತು ವಿಜ್ಞಾನೇಶ್ವರ 'ಮಿತಾಕ್ಷರ' ಬರೆದ. ಗಂಡುಮಗು ಹುಟ್ಟಿದ ಗಳಿಗೆಯಿಂದಲೇ ಪಿತ್ರಾರ್ಜಿತದಲ್ಲಿ ಹಕ್ಕು ಅಂತ ಅದರ ಮಾತು. ನಮ್ಮ ನೆಲದಲ್ಲಿ ಹುಟ್ಟಿದ ಈ ಶಾಸ್ತ್ರ ಭಾರತದ ಬಹುಪಾಲು ಒಪ್ಪಿತು! ಪರಿಣಾಮ? ನಾಲ್ಕು ಮಕ್ಕಳಾದರೆ ನಾಲ್ಕು ಪಾಲು, ಮೊಮ್ಮಕ್ಕಳಿಗೆ ಹದಿನಾರು. ಪಡಸಾಲೆಯ ನಡುವೆ ಗೋಡೆ ಎದ್ದಿತು ಅಂತಲೇ ತಿಳೀರಿ.

ಮಕ್ಕಳಿಲ್ಲದಿದ್ದರೆ?

ದತ್ತು ತಗೋಬೇಕು. ಆದರೆ ಸಂಸ್ಥಾನಿಕರ ದತ್ತಕಕ್ಕೆ ಕುಂಪಣಿ ಸರ್ಕಾರ ಅಡ್ಡ ನಿಂತಿತು. 'ಕಿತ್ತೂರು ಚೆನ್ನಮ್ಮ' ಚಿತ್ರದಲ್ಲಿ ಬಿ. ಸರೋಜಾದೇವಿ ಗುಡುಗಿದ್ದು ನೆನಪಿದೆಯಲ್ಲ? ಆ 1824ರ ಕಾಳಗದ ಬೇರು ದತ್ತಕದ ಜಗಳವೇ. ಬಾದಾಮಿಯ ನೆರೆಯ ನರಗುಂದದ ಬಾಬಾಸಾಹೇಬರಿಗೂ ದತ್ತಕಕ್ಕೆ ಅನುಮತಿ ಸಿಗಲಿಲ್ಲ. 1858ರಲ್ಲಿ ಬಂಡೆದ್ದರು. ಅದೇ ವರ್ಷ ಬೆಳಗಾವಿಯಲ್ಲಿ ಅವರನ್ನು ಗಲ್ಲಿಗೇರಿಸಿದರು. ಸಂಸ್ಥಾನ ಬ್ರಿಟಿಷರ ಪಾಲಾಯಿತು. ಒಬ್ಬ ಮಗನಿಲ್ಲದ ತಪ್ಪಿಗೆ ಒಂದು ರಾಜ್ಯ!

ಕೊನೇ ರೀಲು

ಸ್ವಾತಂತ್ರ್ಯ ಬಂತು. 1948ರಲ್ಲಿ ಮುಧೋಳದ ಘೋರ್ಪಡೆಯವರ, ಜಮಖಂಡಿಯ ಪಟವರ್ಧನರ ಸಂಸ್ಥಾನಗಳು ವಿಲೀನವಾದವು. ಆಗ ಈ ಸೀಮೆಯನ್ನು ಆಳುತ್ತಿದ್ದ ಮುಂಬಯಿ ಸರ್ಕಾರ 1950ರ ಕಾಯಿದೆಯಿಂದ ಪರಗಣೆ ವತನಗಳನ್ನೇ ತೆಗೆದುಹಾಕಿತು. ಆಮೇಲೆ ದೇವರಾಜ ಅರಸರ ಕಾಲ. 1974ರ ಮಾರ್ಚ್ 1ರಿಂದ ಜಾರಿಯಾದ ತಿದ್ದುಪಡಿ ಗೇಣಿ ಪದ್ಧತಿಯ ಬುಡಕ್ಕೇ ಕೊಡಲಿ ಹಾಕಿತು. ಉಳುವವನೇ ಹೊಲದೊಡೆಯ! ವಾಡೆಯ ಬಾಗಿಲಲ್ಲಿ ಚಪ್ಪಲಿ ಬಿಟ್ಟು, ಕೈಕಟ್ಟಿ ನಿಂತು ಗೇಣಿ ಅಳೆಯುತ್ತಿದ್ದ ರೈತ ಭೂ ನ್ಯಾಯಮಂಡಳಿಯ ಮುಂದೆ ಹಕ್ಕಿನಿಂದ ನಿಂತ.

2005ರ ತಿದ್ದುಪಡಿಯಿಂದ ಹೆಣ್ಮಕ್ಕಳಿಗೂ ಹುಟ್ಟಿನಿಂದಲೇ ಸಮಪಾಲು. ಡೌನ್‌ಟನ್ನಿನ ಆ ಮೂವರು ಅಕ್ಕತಂಗಿಯರು ಇಂದು ಹುನಗುಂದದಲ್ಲಿ ಹುಟ್ಟಿದ್ದರೆ ಅವರ ಕಥೆಯೇ ಬೇರೆ ಆಗ್ತಿತ್ತು!

ಮುಂದಿನ ಸಲ ತೆರೆಯ ಮೇಲೆ ವಕೀಲರು ಉಯಿಲು ಬಿಚ್ಚಿದಾಗ ಸೀಟಿ ಹೊಡೀರಿ, ಬೇಡ ಅನ್ನೋಲ್ಲ. ಆದರೆ ಆ ಹೊಲ ಉತ್ತವನು ಯಾರು ಅಂತ ಒಂದು ಮಾತು ಕೇಳ್ರಿ.