ಒಂದು ಕಾರ್ಡು ಹೆಚ್ಚಾದರೆ

ಲಗ್ನಸರಾಯಿ ದಿನಗಳು. ಬನಹಟ್ಟಿಯ ಡಿಟಿಪಿ ಅಂಗಡಿಯೊಂದರಿಂದ ಸಂಜೆ ಫೋನು ಬಂತು. “ಸರ್ರ, ಕಂಪ್ಯೂಟರ್ ಚಾಲೂನ ಆಗವಲ್ದ್ರಿ. ಕರೀ ಪರದೆ ಮ್ಯಾಲ ಏನೋ ಇಂಗ್ಲಿಷ್‌ನ್ಯಾಗ ಬರದೈತಿ. ಫಾರ್ಮ್ಯಾಟ್ ಹೊಡೀಬೇಕು ಅನ್ನಾಕತ್ತಾರ.” ನಾನು ಹೇಳಿದ್ದು ಒಂದೇ ಮಾತು: “ಯಾರೂ ಕೈ ಹಚ್ಚಬ್ಯಾಡ್ರಿ, ಬಂದೆ.”

ಹೋಗಿ ನೋಡಿದರೆ ‘ಗ್ರಬ್ ರೆಸ್ಕ್ಯೂ’ ಎಂಬ ಎರಡು ಪದ, ಪಕ್ಕದಲ್ಲಿ ಮಿಣುಕುವ ಗೆರೆ. ಇತ್ತ ವಿಂಡೋಸೂ ಇಲ್ಲ, ಅತ್ತ ಲಿನಕ್ಸಿನ ಉಬುಂಟೂ ಇಲ್ಲ. ಒಳಗೆ ಎಷ್ಟೋ ವರ್ಷಗಳ ಲಗ್ನಪತ್ರಿಕೆಗಳು, ಮರುದಿನ ಮುಂಜಾನೆ ಅಚ್ಚಿಗೆ ಹೋಗಬೇಕಿದ್ದ ನಾಲ್ಕು ಸೇರಿ.

ಜಮಖಂಡಿ, ಮುಧೋಳ, ಬೀಳಗಿ ಕಡೆಯೂ ವಿಂಡೋಸ್, ಲಿನಕ್ಸ್ ಎರಡೂ ಇರುವ ಇಂಥ ಜೋಡಿ ಸಂಸಾರದ ಕಂಪ್ಯೂಟರುಗಳನ್ನು ನೋಡಿದ್ದೇನೆ. ನುಡಿ ತಂತ್ರಾಂಶದ ಹಳೆಯ ಅಕ್ಷರವಿನ್ಯಾಸದಲ್ಲಿ ಮಾಡಿದ ಕಡತಗಳಿಗೆ ವಿಂಡೋಸ್ ಬೇಕು. ವೈರಸ್ ಕಾಟವಿಲ್ಲದೆ ಇಂಟರ್ನೆಟ್ ಕೆಲಸ ಮಾಡಲು ಲಿನಕ್ಸ್ ಬೇಕು. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಸಾಮಾನ್ಯ ಬೆಂಬಲ ಮುಗಿಯಿತು. ಹಳೆಯ ಅನೇಕ ಯಂತ್ರಗಳ ಮೇಲೆ ವಿಂಡೋಸ್ 11 ಕೂಡುವುದಿಲ್ಲ. ಹಾಗಾಗಿ ಲಿನಕ್ಸನ್ನೂ ಜೊತೆಗೆ ಹಾಕಿಕೊಳ್ಳಲು ಇನ್ನೊಂದು ಕಾರಣ ಸಿಕ್ಕಂತಾಗಿದೆ.

ಗುಂಡಿ ಒತ್ತಿದಾಗ ಆಗುವುದೇನು? ಹಳೆಯ ಬಯಾಸ್ ಯಂತ್ರ ಡಿಸ್ಕಿನ ಮೊದಲ 512 ಬೈಟುಗಳನ್ನಷ್ಟೇ ಓದುತ್ತದೆ. ಅದರಲ್ಲಿ 64 ಬೈಟು ಡಿಸ್ಕಿನ ಪಾಲುಪಟ್ಟಿ, ಕೊನೆಯ 2 ಬೈಟು ಗುರುತಿನ ಮುದ್ರೆ. ಚಾಲನೆಯ ಸೂಚನೆಗಳಿಗೆ ಉಳಿಯುವುದು ಹೆಚ್ಚೆಂದರೆ 446 ಬೈಟು. ಇಷ್ಟು ಇಕ್ಕಟ್ಟಿನಲ್ಲಿ, ವ್ಯವಸ್ಥೆಗಳನ್ನು ಎಬ್ಬಿಸುವ ಗ್ರಬ್ ತಂತ್ರಾಂಶ ಪೂರ್ತಿ ಕೂಡಲಾರದು. ಅಲ್ಲಿ ಕೂತ ಅದರ ಮೊದಲ ತುಣುಕು ಮುಂದಿನ ತುಣುಕನ್ನು ಎಬ್ಬಿಸುತ್ತದೆ; ಆ ತುಣುಕಿನಲ್ಲಿ ‘ನಿನ್ನ ಉಳಿದ ಸಾಮಾನು ಆರನೇ ಪಾಲಿನಲ್ಲಿದೆ’ ಎಂದು ಬರೆದಿಟ್ಟಿರುತ್ತದೆ. ಅಂಗಡಿಯ ಹುಡುಗ ಆ ಮಧ್ಯಾಹ್ನ ಡಿ ಡ್ರೈವ್ ಒಡೆದು ಇನ್ನೊಂದು ಡ್ರೈವ್ ಮಾಡಿದ್ದ. ಲಿನಕ್ಸ್ ಇದ್ದ ಆರನೇ ಪಾಲು ಏಳನೆಯದಾಯಿತು. ಗ್ರಬ್ ಆರರಲ್ಲಿ ಹುಡುಕಿತು, ಸಿಗಲಿಲ್ಲ, ನಿಂತಿತು. ವಿಂಡೋಸನ್ನೂ ಎಬ್ಬಿಸುವುದು ಇದೇ ಗ್ರಬ್ ಆದ್ದರಿಂದ ಎರಡೂ ಹೋದವೆಂದು ಜನ ಗಾಬರಿಯಾಗುತ್ತಾರೆ.

ಅಲ್ಲೇ ಲಗ್ನಪತ್ರಿಕೆ ತಿದ್ದಿಸಲು ಬಂದು ಕೂತಿದ್ದ ನೇಕಾರರೊಬ್ಬರು ಇದನ್ನು ನನಗಿಂತ ಚೆನ್ನಾಗಿ ಹೇಳಿದರು. “ಜಕಾರ್ಡಿನ ಸರದಾಗ ಒಂದು ಕಾರ್ಡ್ ಹೆಚ್ಚಿಗಿ ಪೋಣಿಸಿಧಂಗ ಆತು ನೋಡ್ರಿ. ನೂಲಿಗೆ ಏನೂ ಆಗಿರೂದಿಲ್ಲ, ಡಿಜೈನ್ ಅಷ್ಟ ತಪ್ಪತೈತಿ.” 1804ರಲ್ಲಿ ಫ್ರಾನ್ಸಿನ ಜಕಾರ್ಡ್ ಮಗ್ಗಕ್ಕೆ ಅಳವಡಿಸಿದ ತೂತಿನ ಕಾರ್ಡುಗಳೇ ಮುಂದೆ ಕಂಪ್ಯೂಟರಿಗೂ ಬಂದವು. ಮಗ್ಗದೂರಿನಲ್ಲಿ ಈ ಮಾತು ಕೇಳಿದ್ದು ನನಗೆ ಹಿಗ್ಗು ತಂದಿತು.

ರಿಪೇರಿ ಹತ್ತು ನಿಮಿಷದ ಕೆಲಸ. ‘ಎಲ್ಎಸ್’ ಎಂಬ ಎರಡಕ್ಷರ ಕೊಟ್ಟರೆ ಪಾಲುಗಳ ಪಟ್ಟಿ ಬರುತ್ತದೆ. ಒಂದೊಂದನ್ನೇ ತೆರೆದು ನೋಡುತ್ತ ಹೋದೆ. ಏಳರಲ್ಲಿ ಬೂಟ್ ಕಡತಕೋಶ ಕಂಡಿತು. ವಿಳಾಸವನ್ನು ಏಳಕ್ಕೆ ತಿದ್ದಿ, ‘ನಾರ್ಮಲ್’ ತುಣುಕನ್ನು ಎಬ್ಬಿಸಿದಾಗ ಹಳೆಯ ಮೆನು ಬಂದೇ ಬಂತು. ಇದು ಆ ಹೊತ್ತಿನ ಮಟ್ಟಿಗೆ ಮಾತ್ರ. ಉಬುಂಟು ಎದ್ದ ಮೇಲೆ ಗ್ರಬ್-ಇನ್‌ಸ್ಟಾಲ್, ಅಪ್‌ಡೇಟ್-ಗ್ರಬ್ ಎರಡನ್ನೂ ಓಡಿಸಿದರೆ ಹೊಸ ವಿಳಾಸ ಕಾಯಂ ಆಗುತ್ತದೆ.

ಹೊಸ ಯುಇಎಫ್‌ಐ ಯಂತ್ರಗಳ ಕಥೆ ಬೇರೆ. ಅಲ್ಲಿ ಚಾಲನೆಯ ಕಡತಗಳಿಗೆಂದೇ ಒಂದು ಪುಟ್ಟ ಪಾಲಿರುತ್ತದೆ, ಎರಡೂ ವ್ಯವಸ್ಥೆಗಳು ಅದರಲ್ಲೇ ಬಿಡಾರ ಹೂಡುತ್ತವೆ. ವಿಂಡೋಸ್ ಅಪ್‌ಡೇಟ್ ಆದ ಮೇಲೆ ಲಿನಕ್ಸ್ ಕಾಣೆಯಾದರೆ, ಹೆಚ್ಚಿನ ಸಲ ಸರದಿಯಲ್ಲಿ ವಿಂಡೋಸ್ ಮೊದಲಿಗೆ ಬಂದಿರುತ್ತದೆ, ಅಷ್ಟೇ. ಸೆಟಪ್ ಪರದೆಯಲ್ಲಿ ಸರದಿ ಬದಲಿಸಿದರೆ ಮುಗಿಯಿತು. 2024ರ ಆಗಸ್ಟ್‌ನಲ್ಲಿ ಮಾತ್ರ ಮೈಕ್ರೋಸಾಫ್ಟ್‌ನ ಭದ್ರತಾ ಅಪ್‌ಡೇಟೊಂದು ಲಿನಕ್ಸಿನ ಹಳೆಯ ಚಾಲನಾ ಕಡತಗಳನ್ನೇ ತಡೆಹಿಡಿದದ್ದರಿಂದ, ಲೋಕದಾದ್ಯಂತ ಹಲವು ಜೋಡಿ ವ್ಯವಸ್ಥೆಯ ಯಂತ್ರಗಳಲ್ಲಿ ಲಿನಕ್ಸ್ ಏಳದಾಯಿತು. ಆಗಲೂ ಕಡತಗಳು ಇದ್ದಲ್ಲೇ ಇದ್ದವು. ‘ಸೆಕ್ಯೂರ್ ಬೂಟ್’ ಎಂಬ ಚಾಲನೆಯ ಕಾವಲನ್ನು ತಾತ್ಕಾಲಿಕವಾಗಿ ಆಫ್ ಮಾಡಿ ಒಳಹೋಗಬಹುದಿತ್ತು.

ಇನ್ನು ಸಣ್ಣಪುಟ್ಟ ಕಾಟಗಳು. ಲಿನಕ್ಸಿನಿಂದ ವಿಂಡೋಸ್ ಡ್ರೈವಿಗೆ ಏನೂ ಬರೆಯಲಾಗದಿದ್ದರೆ ವಿಂಡೋಸಿನ ‘ಫಾಸ್ಟ್ ಸ್ಟಾರ್ಟಪ್’ ನೋಡಿ. ಅದು ಯಂತ್ರವನ್ನು ಪೂರ್ತಿ ಮಲಗಿಸದೆ ಡ್ರೈವನ್ನು ಅರ್ಧ ತೆರೆದಿಟ್ಟೇ ಹೋಗಿರುತ್ತದೆ. ವಿಂಡೋಸಿನಲ್ಲಿ ಗಡಿಯಾರ ಐದೂವರೆ ತಾಸು ಹಿಂದೆ ಬಿದ್ದರೆ, ಲಿನಕ್ಸ್ ಗ್ರೀನಿಚ್ ವೇಳೆಯನ್ನೂ ವಿಂಡೋಸ್ ನಮ್ಮ ವೇಳೆಯನ್ನೂ ನಂಬಿರುವುದೇ ಕಾರಣ. ತಾರೀಖೇ ವರ್ಷಗಟ್ಟಲೆ ಹಿಂದಕ್ಕೆ ಹೋದರೆ ಮದರ್‌ಬೋರ್ಡಿನ ನಾಣ್ಯದಂಥ 3 ವೋಲ್ಟಿನ ಸೆಲ್ ಬದಲಿಸಿ. ಸೆಲ್ ಸತ್ತಾಗ ಚಾಲನೆಯ ಸರದಿಯೂ ಮರೆತುಹೋಗಬಹುದು.

ಡಿಸ್ಕೇ ಕಟಕಟ ಸದ್ದು ಮಾಡುತ್ತಿದ್ದರೆ ಇದಾವುದೂ ಬೇಡ. ತಕ್ಷಣ ಆರಿಸಿ, ಬಲ್ಲವರ ಬಳಿ ಒಯ್ಯಿರಿ.

ಆ ರಾತ್ರಿ ನಾಲ್ಕೂ ಪತ್ರಿಕೆ ಅಚ್ಚಿಗೆ ಸಿದ್ಧವಾದವು. ಏಳುವ ಮುಂಚೆ ಹುಡುಗನನ್ನು ಪಕ್ಕಕ್ಕೆ ಕೂರಿಸಿಕೊಂಡು, ನೇರವಾಗಿ ಪೆನ್‌ಡ್ರೈವಿನಿಂದಲೇ ಓಡುವ ಉಬುಂಟು ಮಾಡಿಸಿದೆ. ಡಿಸ್ಕಿನಿಂದ ಯಾವುದೂ ಏಳದಿದ್ದರೂ ಅದರಿಂದ ಯಂತ್ರ ಎಬ್ಬಿಸಿ ಕಡತಗಳನ್ನು ಹೊರಗೆ ತೆಗೆಯಬಹುದು. ಅವನು ಅದಕ್ಕೆ ಕಾಗದ ಅಂಟಿಸಿ, ಮೇಲೆ ‘7’ ಎಂದು ಬರೆದು ಗಲ್ಲಾಪೆಟ್ಟಿಗೆಯಲ್ಲಿಟ್ಟ.