ಬಾಳೆ ಮೀನಿಗೂ ಬಾಳೆಹಣ್ಣಿಗೂ ನಂಟಿಲ್ಲ

ಹೊಸಪೇಟೆಯ ಕಡೆ ತುಂಗಭದ್ರೆಯಲ್ಲಿ ಸಿಗುವ ಬಾಳೆ ಮೀನಿನ ಹೆಸರು ಕೇಳಿದವರು ಅದನ್ನು ಬಾಳೆಗಿಡಕ್ಕೆ ಗಂಟುಹಾಕಿದರೆ ಅಚ್ಚರಿಯಿಲ್ಲ. ಹಂಪಿ, ಕಂಪ್ಲಿಗಳ ಸುತ್ತ ಇದೇ ಹೊಳೆಯ ನೀರುಂಡು ಬೆಳೆದ ಬಾಳೆತೋಟಗಳಿವೆ. ಮೀನಿನ ಮೈಯೂ ಬಾಳೆಯ ಸುಳಿಯಂತೆ ಉದ್ದ, ನುಣುಪು, ಹುರುಪೆಯೇ ಇಲ್ಲ. ಆದರೆ ಹೋಲಿಕೆ ಎಷ್ಟೇ ಚೆನ್ನಾಗಿದ್ದರೂ ಹೆಸರಿನ ಮೂಲ ಅದಲ್ಲ.

ಗೊಂದಲಕ್ಕೆ ಕಾರಣ ಕನ್ನಡ ಕಳೆದುಕೊಂಡ ಒಂದು ಅಕ್ಷರ. ಹಳಗನ್ನಡದಲ್ಲಿ ಹಣ್ಣು ಕೊಡುವ ಗಿಡ ‘ಬಾೞೆ’, ಮೀನು ‘ಬಾಳೆ’. ನಾಲಗೆಯನ್ನು ಹಿಂದಕ್ಕೆ ಮಡಚಿ ನುಡಿಯುತ್ತಿದ್ದ ಈ ‘ೞ’ ಕ್ರಮೇಣ ‘ಳ’ದಲ್ಲಿ ಬೆರೆತುಹೋಯಿತು. 13ನೆಯ ಶತಮಾನದ ಕೇಶಿರಾಜ ‘ಶಬ್ದಮಣಿದರ್ಪಣ’ದಲ್ಲಿ ೞಕಾರದ ಪದಗಳನ್ನು ಪಟ್ಟಿಮಾಡಿಕೊಡಬೇಕಾಯಿತೆಂದರೆ, ಆ ಹೊತ್ತಿಗೇ ಜನರ ಬಾಯಲ್ಲಿ ಅದು ಉಳಿದಿರಲಿಲ್ಲವೆಂದೇ ಅರ್ಥ. 1336ರಲ್ಲಿ ವಿಜಯನಗರ ಹುಟ್ಟುವಾಗ ಹಣ್ಣೂ ಮೀನೂ ಒಂದೇ ಉಚ್ಚಾರಕ್ಕೆ ಬಂದಿದ್ದವು.

ತಮಿಳು ಈ ಭೇದವನ್ನು ಕಾಪಾಡಿಕೊಂಡಿದೆ. ಅಲ್ಲಿ ಗಿಡ ‘ವಾೞೈ’, ಮೀನು ‘ವಾಳೈ’. ತಮಿಳಿನ ಮೊದಲ ‘ವ’ ಕನ್ನಡದಲ್ಲಿ ‘ಬ’ ಆಗುವುದು ವಾಡಿಕೆ. ಅವರ ‘ವಾಯ್’ ನಮ್ಮ ‘ಬಾಯಿ’. (ಪಂಪೆ ಹಂಪೆಯಾದದ್ದು ಇಂಥದೇ ಇನ್ನೊಂದು ಮಾರ್ಪಾಟು.) ಅದೇ ಲೆಕ್ಕದಲ್ಲಿ ಅವರ ‘ವಾಳ್’ ನಮ್ಮ ಹಳೆಯ ‘ಬಾಳ್’, ಅಂದರೆ ಕತ್ತಿ. ಪಕ್ಕೆಗಳು ಚಪ್ಪಟೆಯಾಗಿ, ಬೆಳ್ಳಗೆ ಮಿನುಗುವ ನೀಳ ಮೀನಿಗೆ ಕತ್ತಿಯ ಹೆಸರು ಒಪ್ಪುತ್ತದೆ. ಕಡಲಿನ ಪಟ್ಟಿಯಂಥ ಮೀನೊಂದನ್ನೂ ತಮಿಳರು ವಾಳೈ ಎಂದೇ ಕರೆಯುವುದು ಈ ಊಹೆಗೆ ಬಲ ಕೊಡುತ್ತದೆ.

ಹೆಸರು ಬಲು ಹಳೆಯದು. ಸಂಗಂ ಕಾಲದ ‘ಕುರುಂದೊಗೈ’ಯಲ್ಲಿ ಗದ್ದೆಯಂಚಿನ ಮಾವಿನ ಮರದಿಂದ ಉದುರಿದ ಹಣ್ಣನ್ನು ವಾಳೈ ಮೀನು ಕಚ್ಚಿಕೊಳ್ಳುತ್ತದೆ. ತೆಲುಗಿನಲ್ಲಿ ಇದು ‘ವಾಲುಗ’. ವಿಜ್ಞಾನಿಗಳು ಇಟ್ಟ ‘ವಲ್ಲಾಗೊ ಅಟ್ಟು’ ಎಂಬ ಹೆಸರೂ ದಕ್ಷಿಣದ್ದೇ: ಮೊದಲ ಪದ ತೆಲುಗು ನಾಡಿನದು, ‘ಅಟ್ಟು’ ಎಂದರೆ ಹೊಳೆಯದು. ಲ್ಯಾಟಿನ್ನಿನ ವೇಷದಲ್ಲಿ ಹಳ್ಳಿಯ ಮಾತು!

1953ರಲ್ಲಿ ಹೊಸಪೇಟೆಯ ಅಣೆಕಟ್ಟಿನಲ್ಲಿ ನೀರು ನಿಂತಮೇಲೆ ಕಾಟ್ಲಾ, ರೋಹು ಮರಿಗಳನ್ನು ತಂದು ಬಿಡಲಾಯಿತು. ಅವುಗಳ ಹೆಸರುಗಳೂ ಜೊತೆಯಲ್ಲೇ ಉತ್ತರದಿಂದ ಬಂದವು. ಬಾಳೆ ಮೀನು ಹೊಟ್ಟೆಬಾಕ. ಸಿಕ್ಕ ಮರಿಯನ್ನೆಲ್ಲ ನುಂಗುವುದರಿಂದ ಸಾಕಣೆಯವರಿಗೆ ಅದು ಬೇಡವಾದ ನಂಟ. ಈಗ ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟ ಅದನ್ನು ಅಳಿವಿನ ಭೀತಿಯಲ್ಲಿರುವ ಮೀನುಗಳ ಸಾಲಿಗೆ ಸೇರಿಸಿದೆ.