ಹಿರಿಯರ ಸಭೆ ಮತ್ತು ನಲವತ್ತು ದಿನಗಳ ಆತ್ಮಶೋಧನೆ

ಕಡಲೆಕಾಯಿಯ ಹೊಲಗಳು ಬೋಳಾಗಿ, ಕೆರೆಯ ಅಂಗಳದಲ್ಲಿ ಬಿರುಕುಗಳು ಕಾಣಿಸಿಕೊಳ್ಳುವ ಹೊತ್ತಿಗೆ ರಾಯದುರ್ಗ, ಮಡಕಶಿರಾ ಸೀಮೆಯಲ್ಲಿ ಉಪವಾಸದ ಋತು ಆರಂಭವಾಗುತ್ತದೆ. 2025ರ ಪಂಚಾಂಗವನ್ನೇ ನೋಡಬಹುದು. ಫೆಬ್ರುವರಿ 26ರಂದು ಶಿವರಾತ್ರಿಯ ಜಾಗರಣೆ. ಮಾರ್ಚ್ 2ರಿಂದ ರಂಜಾನಿನ ರೋಜಾ. ಮಾರ್ಚ್ 5ರಂದು ಕ್ರೈಸ್ತರ ಬೂದಿ ಬುಧವಾರ. ಒಂದೇ ಬೀದಿಯ ಮೂರು ಮನೆಗಳಲ್ಲಿ ಮೂರು ಬಗೆಯ ವ್ರತಗಳು ಒಂದೇ ವಾರದೊಳಗೆ ಬಂದವು. ಮೊದಲೆರಡರ ಪರಿಚಯ ಗಡಿನಾಡಿನ ಕನ್ನಡಿಗರಿಗೆ ಚೆನ್ನಾಗಿಯೇ ಇದೆ. ಮೂರನೆಯದು ಅಷ್ಟಾಗಿ ಪರಿಚಿತವಲ್ಲ. ಪಕ್ಕದ ಬೆಂಚಿನ ಸಹಪಾಠಿ ಈ ದಿನಗಳಲ್ಲಿ ಸಂಜೆ ಪ್ರಾರ್ಥನೆಗೆ ಹೋಗುವುದೇಕೆ ಎಂದು ಮಗು ಕೇಳಿದರೆ, ಉತ್ತರಿಸಲು ಹಿರಿಯರಿಗೆ ತಿಳಿದಿರಬೇಕಾದದ್ದು ಸ್ವಲ್ಪ ಇದೆ.

ಬೂದಿ ಬುಧವಾರದಿಂದ ಈಸ್ಟರಿನ ಹಿಂದಿನ ಶನಿವಾರದವರೆಗೆ ಎಣಿಸಿದರೆ ನಲವತ್ತಾರು ದಿನಗಳಾಗುತ್ತವೆ. ಇದರಲ್ಲಿ ಆರು ಭಾನುವಾರಗಳು ಲೆಕ್ಕಕ್ಕಿಲ್ಲ, ಏಕೆಂದರೆ ಭಾನುವಾರ ಪುನರುತ್ಥಾನದ ಸ್ಮರಣೆಯ ದಿನ. ಅಂದು ಉಪವಾಸ ಸಲ್ಲದು. ಉಳಿದ ನಲವತ್ತು ದಿನಗಳು ಅರಣ್ಯದಲ್ಲಿ ಯೇಸು ನಡೆಸಿದ ನಲವತ್ತು ದಿನಗಳ ಉಪವಾಸವನ್ನು ನೆನಪಿಸುತ್ತವೆ. ಈಸ್ಟರಿನ ದಿನಾಂಕವನ್ನು ಚಂದ್ರನ ಗತಿ ನಿರ್ಣಯಿಸುವುದರಿಂದ ಅದು ಮಾರ್ಚ್ 22ರಿಂದ ಏಪ್ರಿಲ್ 25ರೊಳಗೆ ಬೇರೆ ಬೇರೆ ದಿನ ಬರುತ್ತದೆ. ಇಂಗ್ಲಿಷಿನಲ್ಲಿ ಲೆಂಟ್ ಎನಿಸಿಕೊಂಡ ಈ ಕಾಲವನ್ನು ಕನ್ನಡದ ಕಥೋಲಿಕರು ‘ತಪಸ್ಸು ಕಾಲ’ ಎನ್ನುತ್ತಾರೆ. ತೆಲುಗಿನವರಿಗೆ ಅದು ‘ಶ್ರಮಲ ಕಾಲಂ’. ಒಂದು ಹೆಸರು ಭಕ್ತನ ತಪಸ್ಸನ್ನು ಮುಂದಿಟ್ಟರೆ ಇನ್ನೊಂದು ಕ್ರಿಸ್ತನ ಯಾತನೆಯನ್ನು ಮುಂದಿಡುತ್ತದೆ. ಎರಡು ಭಾಷೆಗಳ ನಡುವೆ ಬಾಳುವ ಗಡಿನಾಡಿನವರಿಗೆ ಎರಡೂ ಹೆಸರುಗಳು ಕಿವಿಗೆ ಬೀಳುತ್ತವೆ, ಎರಡರ ಅರ್ಥವೂ ದಕ್ಕುತ್ತದೆ.

ಕ್ರೈಸ್ತ ಪಂಗಡಗಳಲ್ಲಿ ಪ್ರೆಸ್ಬಿಟೇರಿಯನ್ನರ ವಿಷಯ ಮಾತ್ರ ವಿಚಿತ್ರವಾದದ್ದು. ಇಂದು ಈ ನಲವತ್ತು ದಿನಗಳನ್ನು ಶ್ರದ್ಧೆಯಿಂದ ಆಚರಿಸುವ ಅನೇಕ ಪ್ರೆಸ್ಬಿಟೇರಿಯನ್ ಸಭೆಗಳ ಪೂರ್ವಿಕರು ಅದನ್ನು ಖಂಡತುಂಡವಾಗಿ ನಿರಾಕರಿಸಿದ್ದರು. 1522ರ ಲೆಂಟ್ ಕಾಲದಲ್ಲಿ ಜೂರಿಕ್ ನಗರದ ಮುದ್ರಕ ಕ್ರಿಸ್ಟೋಫ್ ಫ್ರೋಷವರ್ ತನ್ನ ಮನೆಯಲ್ಲಿ ಮಾಂಸದ ತಿನಿಸನ್ನು ಬಡಿಸಿದ. ಪುಸ್ತಕ ಮುದ್ರಣದ ಹಗಲಿರುಳಿನ ದುಡಿಮೆಗೆ ಅಂಬಲಿ ಸಾಲದೆಂಬುದು ಅವನ ವಾದವಾಗಿತ್ತು. ಅಲ್ಲಿದ್ದ ಧರ್ಮಬೋಧಕ ಜ್ವಿಂಗ್ಲಿ ತಾನು ತಿನ್ನಲಿಲ್ಲ. ಆದರೆ ಆಹಾರದ ವಿಷಯದಲ್ಲಿ ಮನುಷ್ಯರ ಕಟ್ಟಳೆ ಆತ್ಮವನ್ನು ಬಂಧಿಸಲಾರದೆಂದು ಬಹಿರಂಗವಾಗಿ ಸಾರಿದ. ಸ್ಕಾಟ್ಲೆಂಡಿನ ಸುಧಾರಕರು 1560ರಲ್ಲಿ ಹಬ್ಬದ ದಿನಗಳನ್ನೇ ರದ್ದುಪಡಿಸುವ ನಿಲುವು ತಳೆದರು. ಶಾಸ್ತ್ರದಲ್ಲಿ ಆಧಾರವಿಲ್ಲದ ಹಬ್ಬಗಳನ್ನು ಮುಂದುವರಿಸಕೂಡದೆಂದು 1645ರ ವೆಸ್ಟ್‌ಮಿನ್‌ಸ್ಟರ್ ಆರಾಧನಾ ನಿರ್ದೇಶಿಕೆ ವಿಧಿಸಿತು. ಅವರ ಆಕ್ಷೇಪಣೆ ಉಪವಾಸದ ಮೇಲಾಗಿರಲಿಲ್ಲ. ಸಂಕಟ ಒದಗಿದಾಗ ಅವರೂ ಸಾಮೂಹಿಕ ಉಪವಾಸ ಮಾಡುತ್ತಿದ್ದರು. ಪಂಚಾಂಗ ನೋಡಿ ಪಶ್ಚಾತ್ತಾಪ ಪಡುವುದು, ಅದು ಮುಗಿದೊಡನೆ ಹಳೆಯ ದಾರಿಗೆ ಮರಳುವುದು ಅವರಿಗೆ ಒಪ್ಪಿಗೆಯಾಗಿರಲಿಲ್ಲ.

ಹಾಗಾದರೆ ಈ ಆಚರಣೆ ದಕ್ಷಿಣ ಭಾರತದ ಅಂಥ ಸಭೆಗಳಲ್ಲಿ ನೆಲೆಗೊಂಡದ್ದು ಹೇಗೆ? ಅದಕ್ಕೆ ಉತ್ತರ ಇಲ್ಲಿಯ ಐಕ್ಯದ ಇತಿಹಾಸದಲ್ಲಿದೆ. 1908ರಲ್ಲಿ ಪ್ರೆಸ್ಬಿಟೇರಿಯನ್ನರೂ ಕಾಂಗ್ರಿಗೇಷನಲ್ ಪಂಗಡದವರೂ ಕೂಡಿ ದಕ್ಷಿಣ ಭಾರತ ಸಂಯುಕ್ತ ಸಭೆಯನ್ನು ಕಟ್ಟಿದರು. 1947ರ ಸೆಪ್ಟೆಂಬರ್ 27ರಂದು, ದೇಶಕ್ಕೆ ಸ್ವಾತಂತ್ರ್ಯ ಬಂದ ಏಳನೆಯ ವಾರದಲ್ಲಿ, ಆ ಸಭೆಯು ಆಂಗ್ಲಿಕನ್ನರೊಡನೆಯೂ ಮೆಥೋಡಿಸ್ಟರೊಡನೆಯೂ ಸೇರಿ ಮದರಾಸಿನಲ್ಲಿ ದಕ್ಷಿಣ ಭಾರತ ಸಭೆಯಾಯಿತು. ಆಂಗ್ಲಿಕನ್ನರು ತಮ್ಮ ಹಬ್ಬಗಳ ಪಂಚಾಂಗವನ್ನೂ ಬಿಷಪರನ್ನೂ ತಂದರು; ಪ್ರೆಸ್ಬಿಟೇರಿಯನ್ನರು ಹಿರಿಯರ ಆಡಳಿತದ ಸಂಪ್ರದಾಯವನ್ನು ತಂದರು. ಆ ಐಕ್ಯ ಸಭೆಯ ದೀಕ್ಷಿತ ಬೋಧಕನಿಗೆ ಇಂದಿಗೂ ಇರುವ ಅಧಿಕೃತ ಹೆಸರು ‘ಪ್ರೆಸ್ಬಿಟರ್’. ಗ್ರೀಕ್ ಮೂಲದ ಈ ಪದದ ಅರ್ಥ ‘ಹಿರಿಯ’ ಎಂದಷ್ಟೇ.

ಈ ಕಥೆಯ ಕನ್ನಡದ ಅಧ್ಯಾಯ ರಾಯದುರ್ಗಕ್ಕೆ ಸುಮಾರು ಐವತ್ತು ಕಿಲೋಮೀಟರು ದೂರದ ಬಳ್ಳಾರಿಯಲ್ಲಿ ಬರೆಯಲ್ಪಟ್ಟಿತು. ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ 1810ರಲ್ಲಿ ಬಳ್ಳಾರಿಗೆ ಬಂದು, ಕನ್ನಡ ಕಲಿತು, ಸತ್ಯವೇದದ ಕನ್ನಡ ಅನುವಾದಕ್ಕೆ ಕೈಹಾಕಿದರು. ಅವರ ಸಹೋದ್ಯೋಗಿ ವಿಲಿಯಂ ರೀವ್ ಸಿದ್ಧಪಡಿಸಿದ ಕನ್ನಡ–ಇಂಗ್ಲಿಷ್ ನಿಘಂಟು 1832ರಲ್ಲಿ ಹೊರಬಂದಿತು. 1843ರಲ್ಲಿ ಆರಂಭವಾದ ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ ಮರುವರ್ಷ ‘ಕನ್ನಡ ಸಮಾಚಾರ’ ಎಂಬ ಹೆಸರಿನಿಂದ ಅಚ್ಚಾದದ್ದು ಬಳ್ಳಾರಿಯ ಮುದ್ರಣಾಲಯದಲ್ಲಿಯೇ. ಆಗ ರಾಯದುರ್ಗವು ಬಳ್ಳಾರಿ ಜಿಲ್ಲೆಯ ತಾಲ್ಲೂಕು. ಮಡಕಶಿರಾ 1882ರಲ್ಲಿ ಬಳ್ಳಾರಿಯಿಂದ ಬೇರ್ಪಟ್ಟು ರಚಿತವಾದ ಅನಂತಪುರ ಜಿಲ್ಲೆಗೆ ಸೇರಿತು. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಉದಯಿಸಿದಾಗ ಬಳ್ಳಾರಿ ಮೈಸೂರಿಗೆ ಸೇರಿತು, ರಾಯದುರ್ಗ ಆಂಧ್ರದಲ್ಲಿ ಉಳಿಯಿತು. 2022ರ ಪುನರ್ವಿಂಗಡಣೆಯಲ್ಲಿ ಮಡಕಶಿರಾ ಶ್ರೀ ಸತ್ಯಸಾಯಿ ಜಿಲ್ಲೆಯ ಪಾಲಾಯಿತು. ಹೀಗೆ ಗಡಿಗಳು ಹಲವು ಸಲ ಜಾಗ ಬದಲಿಸಿದವು. ಅಜ್ಜಿಯ ಪೆಟ್ಟಿಗೆಯಲ್ಲಿದ್ದ ಕನ್ನಡ ಗ್ರಂಥ ಮಾತ್ರ ಇದ್ದಲ್ಲಿಯೇ ಇತ್ತು.

ಪ್ರೆಸ್ಬಿಟೇರಿಯನ್ ವ್ಯವಸ್ಥೆಯಲ್ಲಿ ಒಬ್ಬನೇ ಅಧಿಪತಿಯಿಲ್ಲ. ಸಭೆಯವರು ಆರಿಸಿದ ಹಿರಿಯರು ಬೋಧಕನೊಡನೆ ಕುಳಿತು ಆಡಳಿತ ನಡೆಸುತ್ತಾರೆ. ಊರ ಸಭೆ, ಅದರ ಮೇಲೆ ಪ್ರೆಸ್ಬಿಟರಿ, ಅದರ ಮೇಲೆ ಸಿನೋಡ್ ಎಂಬ ಶ್ರೇಣಿಗಳಿಗೆ ಸ್ಕಾಟ್ಲೆಂಡಿನಲ್ಲಿ ‘ನ್ಯಾಯಾಲಯ’ ಎಂದೇ ಹೆಸರು; ಕೆಳಗಿನ ತೀರ್ಮಾನದ ಮೇಲೆ ಮೇಲಕ್ಕೆ ಅಪೀಲು ಹೋಗುವುದುಂಟು. ನಮ್ಮ ಹಳ್ಳಿಗಳ ಅರಳಿಕಟ್ಟೆಯ ನ್ಯಾಯಕ್ಕೆ ಇದರ ಹೋಲಿಕೆಯಿದೆ. ಕಟ್ಟೆಯ ಹಿರಿತನ ವಯಸ್ಸಿನಿಂದಲೋ ಕುಲದಿಂದಲೋ ಬಂದರೆ, ಇಲ್ಲಿಯದು ಆಯ್ಕೆಯಿಂದ ಬರುತ್ತದೆ. ಸ್ಕಾಟ್ಲೆಂಡಿನ ಸಭೆಗಳಲ್ಲಿ ಕರ್ತನ ಭೋಜನ ಸಂಸ್ಕಾರಕ್ಕೆ ಮುನ್ನ ಹಿರಿಯರು ಮನೆಮನೆಗೆ ಹೋಗಿ ವಿಚಾರಿಸುತ್ತಿದ್ದರು. ಜಗಳವಾಡಿದವರು ರಾಜಿಯಾಗಬೇಕಿತ್ತು, ಅರ್ಹರಿಗೆ ಸೀಸದ ಸಣ್ಣ ಬಿಲ್ಲೆಯೊಂದನ್ನು ಕೊಡಲಾಗುತ್ತಿತ್ತು, ಅದನ್ನು ತಂದವರಿಗೆ ಮಾತ್ರ ಭೋಜನದ ಮೇಜಿನಲ್ಲಿ ಸ್ಥಳವಿತ್ತು. ಕಾಣಿಕೆಯನ್ನು ಬಲಿಪೀಠದ ಬಳಿ ಬಿಟ್ಟು ಮೊದಲು ಸಹೋದರನೊಡನೆ ಸಮಾಧಾನ ಮಾಡಿಕೊಳ್ಳಬೇಕೆಂಬ ಸುವಾರ್ತೆಯ ಬೋಧನೆಯೇ ಇದಕ್ಕೆ ಆಧಾರ.

ಲೆಂಟ್ ಕಾಲದ ಅಂತಃಸತ್ವವೂ ಇದೇ. ಬಿಡಬೇಕಾದದ್ದು ಮಾಂಸವನ್ನಷ್ಟೇ ಅಲ್ಲ, ಮನಸ್ತಾಪವನ್ನೂ. ಬಾವಿಯ ಪಾಲು, ಬದುವಿನ ಒತ್ತುವರಿ, ತೀರದ ಕೈಸಾಲ, ಮದುವೆಯಲ್ಲಿ ಆಡಿಹೋದ ಒಂದು ಮಾತು ಇವು ಬರದ ಸೀಮೆಯಲ್ಲಿ ಅಣ್ಣತಮ್ಮಂದಿರನ್ನು ದೂರಮಾಡುವ ಸಾಮಾನ್ಯ ಕಾರಣಗಳು. ಇವು ಸಿವಿಲ್ ದಾವೆಗಳಾಗಿ ಮುಂದುವರಿದರೆ ಒಂದು ತಲೆಮಾರು ಕಳೆದೀತು. 1987ರ ಕಾನೂನು ಸೇವೆಗಳ ಪ್ರಾಧಿಕಾರ ಅಧಿನಿಯಮದಂತೆ ಲೋಕ ಅದಾಲತ್ತಿನಲ್ಲಿ ಆದ ರಾಜಿಗೆ ಡಿಕ್ರಿಯ ಬಲವಿದೆ, ಅದರ ಮೇಲೆ ಅಪೀಲು ಇಲ್ಲ. ಸಭೆಯ ಹಿರಿಯರ ಮಾತಿಗೆ ಅಂಥ ಬಲವಿಲ್ಲ. ಆದರೆ ಹಿರಿಯರು ಇಬ್ಬರನ್ನೂ ಕೂಡಿಸಿ ಮಾತನಾಡಿಸಿ ಒಪ್ಪಿಸಿದರೆ, ಆ ಒಪ್ಪಂದವನ್ನು ಲೋಕ ಅದಾಲತ್ತಿನ ಮುಂದೆ ದಾಖಲಿಸುವ ದಾರಿ ತೆರೆದೇ ಇದೆ.

ಇಲ್ಲಿಯೇ ಒಂದು ಎಚ್ಚರಿಕೆಯೂ ಅಗತ್ಯ. ಕ್ಷಮೆಯ ಹೆಸರಿನಲ್ಲಿ ಅನ್ಯಾಯವನ್ನು ಮುಚ್ಚುವ ಅಪಾಯ ಧರ್ಮಸಭೆಗಳಲ್ಲಿಯೂ ಇದೆ, ಅರಳಿಕಟ್ಟೆಗಳಲ್ಲಿಯೂ ಇದೆ. ಹೊಡೆತ ತಿಂದ ಹೆಂಡತಿಗೆ ‘ಇದು ಶ್ರಮೆಯ ಕಾಲ, ಸಹಿಸಿಕೋ’ ಎಂದು ಹೇಳುವುದು ಸಮಾಧಾನವಲ್ಲ. ಆಕೆಗೆ 2005ರ ಕೌಟುಂಬಿಕ ಹಿಂಸೆಯಿಂದ ಮಹಿಳೆಯರ ಸಂರಕ್ಷಣಾ ಅಧಿನಿಯಮದ ರಕ್ಷಣೆಯಿದೆ. ಮಗುವಿನ ಮೇಲೆ ಲೈಂಗಿಕ ಅಪರಾಧ ನಡೆದಿದೆಯೆಂದು ತಿಳಿದವರು ಅದನ್ನು ಪೊಲೀಸರಿಗೆ ವರದಿ ಮಾಡಲೇಬೇಕು. 2012ರ ಪೋಕ್ಸೊ ಅಧಿನಿಯಮದಂತೆ ತಿಳಿದೂ ಸುಮ್ಮನಿರುವುದೇ ಶಿಕ್ಷಾರ್ಹ. ರಾಜಿಗೆ ಅವಕಾಶವಿಲ್ಲದ ಅಪರಾಧಗಳನ್ನು ಲೋಕ ಅದಾಲತ್ತೂ ಮುಟ್ಟುವುದಿಲ್ಲ. ತಪ್ಪಿತಸ್ಥನ ಪಶ್ಚಾತ್ತಾಪಕ್ಕೆಂದು ಇರುವ ಕಾಲವನ್ನು ಪೀಡಿತರ ಬಾಯಿ ಮುಚ್ಚಿಸಲು ಬಳಸಿದರೆ, ಹಳೆಯ ಸುಧಾರಕರು ಲೆಂಟನ್ನು ಅನುಮಾನದಿಂದ ಕಂಡದ್ದು ಸರಿಯೇ ಆಯಿತು ಎನ್ನಬೇಕಾಗುತ್ತದೆ. ಅನ್ಯಾಯದ ಕಟ್ಟುಗಳನ್ನು ಬಿಚ್ಚುವುದೂ ಹಸಿದವನೊಡನೆ ಅನ್ನ ಹಂಚಿಕೊಳ್ಳುವುದೂ ನಿಜವಾದ ಉಪವಾಸವೆಂದು ಪ್ರವಾದಿ ಯೆಶಾಯನು ಬೋಧಿಸಿದ್ದಾನೆ.

ಹಂಚಿಕೊಳ್ಳುವ ಈ ಮಾತಿಗೆ ಒಂದು ಸುಂದರ ನಿದರ್ಶನ ಮಿಜೋರಾಮಿನಲ್ಲಿದೆ. ಅಲ್ಲಿಯ ಪ್ರೆಸ್ಬಿಟೇರಿಯನ್ ಮಹಿಳೆಯರು 1910ರ ಸುಮಾರಿನಲ್ಲಿ ‘ಬುಹ್‌ಫಾಯ್ ಥಾಮ್’, ಅಂದರೆ ಹಿಡಿ ಅಕ್ಕಿ, ಎಂಬ ಪದ್ಧತಿಯನ್ನು ಆರಂಭಿಸಿದರು. ಅಡುಗೆಗೆ ಅಕ್ಕಿ ಅಳೆದಾಗಲೆಲ್ಲ ಒಂದು ಹಿಡಿಯನ್ನು ಬೇರೆ ಪಾತ್ರೆಗೆ ಹಾಕುವುದು, ಹಾಗೆ ಕೂಡಿದ್ದನ್ನು ಸಭೆಯ ಕಾರ್ಯಕ್ಕೆ ಒಪ್ಪಿಸುವುದು ಅದರ ಕ್ರಮ. ನಗದು ಕಾಣದ ಮನೆಯೂ ದಾನಿಯಾಯಿತು, ಒಲೆಯ ಮುಂದಿನ ಹೆಣ್ಣುಮಗಳು ಸಭೆಯ ಪೋಷಕಿಯಾದಳು. ನೂರು ವರ್ಷ ದಾಟಿದ ಮೇಲೂ ಅದು ನಿಂತಿಲ್ಲ. ವಾರಾನ್ನದಿಂದ ಬಡ ವಿದ್ಯಾರ್ಥಿಗಳನ್ನು ಓದಿಸಿದ ಕನ್ನಡ ನಾಡಿಗೆ ಈ ವಿವೇಕ ಹೊಸದಲ್ಲ. ಮಳೆ ಕೈಕೊಟ್ಟ ವರ್ಷ ರಾಯಲಸೀಮೆಯ ಹಳ್ಳಿಗಳಿಂದ ದುಡಿಯುವ ಕೈಗಳು ಬೆಂಗಳೂರಿನ ಕಟ್ಟಡಗಳತ್ತ ಹೊರಡುತ್ತವೆ. ವೃದ್ಧರೂ ಮಕ್ಕಳೂ ಉಳಿದ ಅಂಥ ಮನೆಗಳ ಪಕ್ಕದಲ್ಲಿ ಒಂದು ಹಿಡಿಗೆ ದೊಡ್ಡ ಅರ್ಥವಿದೆ.

ಕನ್ನಡ ಶಾಲೆಗಳ ಕುಟುಂಬಗಳಿಗೆ ಇದರಲ್ಲಿ ಮತ್ತೊಂದು ಪಾಠವಿದೆ. ಈ ನಲವತ್ತು ದಿನಗಳ ಮನೆಪ್ರಾರ್ಥನೆಯಲ್ಲಿ ಒಂದೊಂದು ಅಧ್ಯಾಯವನ್ನು ಗಟ್ಟಿಯಾಗಿ ಓದುವ ರೂಢಿಯಿರುವ ಮನೆಗಳಲ್ಲಿ, ಆ ಓದು ಮಕ್ಕಳ ಪಾಲಿಗೆ ಬರುವುದುಂಟು. ಪಾಠಪುಸ್ತಕದ ಹೊರಗೆ ಕನ್ನಡವನ್ನು ದಿನವೂ ಬಾಯಿಬಿಟ್ಟು ಓದಲು ಗಡಿನಾಡಿನ ಮಗುವಿಗೆ ದೊರೆಯುವ ಅವಕಾಶಗಳು ಬಹಳವಿಲ್ಲ. ಆಂಧ್ರದಲ್ಲಿರುವ ಕನ್ನಡ ಕ್ರೈಸ್ತ ಕುಟುಂಬವು ಧರ್ಮದಿಂದಲೂ ಭಾಷೆಯಿಂದಲೂ ಅಲ್ಪಸಂಖ್ಯಾತವಾದದ್ದು. ಸಂವಿಧಾನದ 30ನೆಯ ಅನುಚ್ಛೇದವು ಎರಡೂ ಬಗೆಯ ಅಲ್ಪಸಂಖ್ಯಾತರಿಗೆ ಶಾಲೆ ಕಟ್ಟುವ ಹಕ್ಕನ್ನು ಕೊಟ್ಟಿದೆ. 1956ರ ಏಳನೆಯ ತಿದ್ದುಪಡಿಯಿಂದ ಬಂದ 350ಎ ಅನುಚ್ಛೇದವು ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ಅನುಕೂಲ ಕಲ್ಪಿಸಲು ಯತ್ನಿಸಬೇಕೆಂದು ರಾಜ್ಯಗಳಿಗೆ ಹೇಳಿದೆ. ಆದರೆ ಓದುವ ನಾಲಗೆಯಿಲ್ಲದಿದ್ದರೆ ಅನುಚ್ಛೇದಗಳು ಕಾಗದದಲ್ಲಿಯೇ ಉಳಿಯುತ್ತವೆ. ಸತ್ಯವೇದವಾಗಲಿ, ಕುಮಾರವ್ಯಾಸ ಭಾರತವಾಗಲಿ, ವಚನಗಳಾಗಲಿ, ಆಯಾ ಮನೆಯ ಶ್ರದ್ಧೆಗೆ ತಕ್ಕ ಒಂದು ಗ್ರಂಥವನ್ನು ನಲವತ್ತು ಸಂಜೆ ಮಗುವಿನಿಂದ ಓದಿಸಿದರೆ, ಶಾಲೆಯ ಕೆಲಸ ಅರ್ಧ ಮನೆಯಲ್ಲಿಯೇ ಆಗುತ್ತದೆ.

ತೆಲುಗಿನೊಡನೆ ವೈರವೂ ಇಲ್ಲಿ ಬೇಕಿಲ್ಲ. ‘ಆಂಧ್ರ ಕ್ರೈಸ್ತವ ಕೀರ್ತನಲು’ ಸಂಕಲನದ ಹಾಡುಗಳು ನಮ್ಮ ನೆಲದ ರಾಗತಾಳಗಳಲ್ಲಿಯೇ ನಡೆಯುವುದರಿಂದ, ಕನ್ನಡಿಗನ ಕಿವಿಗೆ ಅವು ಪರಕೀಯವಲ್ಲ. ‘ಶುಭ ಶುಕ್ರವಾರ’ ಎಂಬ ಹೆಸರಂತೂ ಎರಡು ಭಾಷೆಗಳಿಗೂ ಒಂದೇ.

1950ರಲ್ಲಿ ದಕ್ಷಿಣ ಭಾರತ ಸಭೆಯು ರೂಪಿಸಿದ ಆರಾಧನಾ ಕ್ರಮದಲ್ಲಿ ಒಂದು ಪುರಾತನ ವಿಧಿ ಮರಳಿ ಬಂದಿತು. ಮುಂದೆ ಲೋಕದ ಅನೇಕ ಸಭೆಗಳು ಆ ಮಾದರಿಯತ್ತ ನೋಡಿದವು. ಭೋಜನ ಸಂಸ್ಕಾರಕ್ಕೆ ಮುನ್ನ ಒಬ್ಬನು ಜೋಡಿಸಿದ ತನ್ನ ಅಂಗೈಗಳನ್ನು ಪಕ್ಕದವನ ಅಂಗೈಗಳ ನಡುವೆ ಇಟ್ಟು ಸಮಾಧಾನವನ್ನು ಹಸ್ತಾಂತರಿಸುತ್ತಾನೆ. ಪಡೆದವನು ಅದನ್ನು ಮುಂದಿನವನಿಗೆ ದಾಟಿಸುತ್ತಾನೆ. ಆ ಸಾಲಿನಲ್ಲಿ ಪಕ್ಕದವನನ್ನು ಆರಿಸಿಕೊಳ್ಳಲು ಬರುವುದಿಲ್ಲ. ಅವನು ಬದುವಿನ ವ್ಯಾಜ್ಯದ ಎದುರುಪಕ್ಷದವನೇ ಆಗಿರಬಹುದು, ಬೇರೆ ಭಾಷೆಯವನೋ ಬೇರೆ ಕೇರಿಯವನೋ ಆಗಿರಬಹುದು. ಅವನ ಕೈಗಳ ನಡುವೆ ಕೈಯಿಡುವ ಆ ಕ್ಷಣಕ್ಕೆ ಸಿದ್ಧನಾಗಲು ಮನುಷ್ಯನಿಗೆ ನಲವತ್ತು ದಿನಗಳು ಬೇಕಾಗುತ್ತವೆ ಎಂದರೆ, ಆ ಲೆಕ್ಕ ಹೆಚ್ಚಿನದೇನಲ್ಲ.